ಲಾಂಚರಿನ ಹಣೆಗೆ ವಿಭೂತಿ

ಎರೆಮಣ್ಣಿನ ಊರಿನವನು ಉಪ್ಪುನೀರಿನ ಮೇಲೆ ನೌಕರಿಗೆ ಹೋದರೆ ನಗೆಪಾಟಲಿನ ಸಂಗತಿಗಳು ತಾವಾಗಿಯೇ ವಿಳಾಸ ಕೇಳಿಕೊಂಡು ಬರುತ್ತವೆ. ನನ್ನ ಹತ್ತಿರವಂತೂ ರಜೆ ಹಾಕದೆ ಬಂದಿವೆ. ನಮ್ಮದು ನವಲಗುಂದದ ಹತ್ತಿರದ ಹಳ್ಳಿ. ಅಲ್ಲಿ ಕೆರೆ ಅಂದರೆ ಕುಡಿಯುವ ನೀರು, ಅದರಲ್ಲಿ ಕಾಲಿಟ್ಟವನನ್ನು ಊರೇ ಸಾಲಾಗಿ ನಿಂತು ಬೈಯುತ್ತಿತ್ತು. ಅಂಥಲ್ಲಿಂದ ಎಂಬತ್ತರ ದಶಕದ ಶುರುವಿನಲ್ಲಿ ನಾನು ನೌಕಾಪಡೆ ಸೇರಿದೆ. ಸಮುದ್ರ ನೋಡಿದ ಮೊದಲ ದಿನ ಚಪ್ಪಲಿ ಕೈಯಲ್ಲಿ ಹಿಡಿದು ದೂರವೇ ನಿಂತಿದ್ದೆ, ಯಾರಾದರೂ ಬೈದಾರು ಅಂತ.

ಹಡಗಿನಲ್ಲಿ ನನ್ನ ಪಾಲಿಗೆ ಬಂದದ್ದು ಲಾಂಚರಿನ ಕೆಲಸ. ಅದು ನಾಲ್ಕು ತೋಳಿನ ಯಂತ್ರ, ತೋಳಿಗೊಂದು ಕ್ಷಿಪಣಿ. ದೂರದಲ್ಲಿರುವ ವಿಮಾನದ ಚಿಂತೆ ಬೇರೆಯವರದು. ಅವರನ್ನೆಲ್ಲ ತಪ್ಪಿಸಿ ಹಡಗಿನ ಮೈಮೇಲೇ ನುಗ್ಗಿ ಬಂದ ವಿಮಾನವನ್ನು ತಡೆಯುವುದು ನಮ್ಮ ಕೆಲಸ. ಆಗಿನ ಆ ಕ್ಷಿಪಣಿಗೆ ತಾನಾಗಿ ದಾರಿ ಹುಡುಕುವ ಬುದ್ಧಿ ಇರಲಿಲ್ಲ. ಹತ್ತಿರದ ಕುರ್ಚಿಯಲ್ಲಿ ಒಬ್ಬ ಕೂತು, ದುರ್ಬೀನಿಗೆ ಕಣ್ಣು ಹಚ್ಚಿ, ಕ್ಷಿಪಣಿಯ ಬಾಲದಲ್ಲಿ ಉರಿಯುವ ಬೆಳಕನ್ನೇ ನೋಡುತ್ತ, ಹೆಬ್ಬೆರಳ ಕೆಳಗಿನ ಸಣ್ಣ ಕಡ್ಡಿಯಿಂದ ಅದನ್ನು ಗುರಿಯವರೆಗೆ ನಡೆಸಿಕೊಂಡು ಹೋಗಬೇಕು. ಆ ಕುರ್ಚಿ ನನ್ನದಾಗಬೇಕು ಅಂತ ಮೊದಲ ದಿನವೇ ಹಟ ಹಿಡಿದೆ. ನಮ್ಮ ಮನೆತನದಲ್ಲಿ ಆಸ್ತಿ ಕಡಿಮೆ, ಹಟಕ್ಕೆ ಕೊರತೆ ಇಲ್ಲ.

ಹೆಡ್‌ಫೋನಿನ ರೋಗ

ತರಬೇತಿಗೆ ಒಂದು ಕತ್ತಲೆ ಕೋಣೆ ಇತ್ತು. ಗೋಡೆಯ ಮೇಲೆ ಎರಡು ಬೆಳಕಿನ ಚುಕ್ಕಿ ಓಡುತ್ತವೆ, ಒಂದು ವಿಮಾನ, ಇನ್ನೊಂದು ಕ್ಷಿಪಣಿ. ಎರಡನ್ನೂ ಕೂಡಿಸಬೇಕು. ನಮ್ಮನ್ನು ತಿದ್ದುವವನು ಪಂಜಾಬಿನ ಕಡೆಯ ಒಬ್ಬ ಚೀಫ್, ಅಂದರೆ ನಾವಿಕರಲ್ಲೇ ಹಿರಿಯ. ಮೀಸೆ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು, ದನಿ ಎರಡಕ್ಕಿಂತ ದೊಡ್ಡದು. ಅವನ ಹಿಂದಿಯನ್ನು ನಾನಿಲ್ಲಿ ನಮ್ಮ ಮಾತಿಗೆ ಇಳಿಸಿಕೊಂಡಿದ್ದೇನೆ.

ಎಲ್ಲರ ಕಿವಿಗೂ ಹೆಡ್‌ಫೋನ್ ಇರುತ್ತಿತ್ತು. ಒಂದು ದಿನ ಚೀಫ್ ತನ್ನದನ್ನು ಕಿತ್ತು ಅಲುಗಾಡಿಸಿದ. ಒಳಗೆ ಏನೋ ಟಕ್ಕು ಟಕ್ಕು ಅನ್ನುತ್ತದೆ ಅಂದ. ವೈರು ಬದಲಾಯಿಸಿದರು, ಸದ್ದು ಹೋಗಲಿಲ್ಲ. ಹೆಡ್‌ಫೋನನ್ನೇ ಬದಲಾಯಿಸಿದರು, ಅದರಲ್ಲೂ ಬಂತು. ರಿಪೇರಿಯವನು ಬಂದು ಡಬ್ಬಿ ಬಿಚ್ಚಿ, ಜಿರಲೆ ಹೊಕ್ಕಿರಬೇಕು ಅಂತ ಪುಡಿ ಹಾಕಿ ಹೋದ. ಸದ್ದಿಗೆ ಒಂದು ವಿಚಿತ್ರ ಗುಣವಿತ್ತು. ನಾನು ಕುರ್ಚಿಯಲ್ಲಿದ್ದಾಗ ಮಾತ್ರ, ಅದೂ ಕ್ಷಿಪಣಿ ದಾರಿ ತಪ್ಪಿದಾಗ ಮಾತ್ರ ಬರುತ್ತಿತ್ತು. ಕೊನೆಗೆ ಚೀಫ್ ಬ್ಯಾಟರಿ ಹಿಡಿದು ನನ್ನ ಬಾಯಿಯ ಮುಂದೆಯೇ ಕೂತ. ಚುಕ್ಕಿ ಎಡಕ್ಕೆ ಸರಿಯಿತು, ನನ್ನ ನಾಲಿಗೆ ತಾನಾಗಿ ಲೊಚಗುಟ್ಟಿತು.

ಚಿಕ್ಕಂದಿನಿಂದ ಕುಂಟೆಯ ಹಿಂದೆ ನಡೆದವನು ನಾನು. ಎತ್ತು ಸಾಲು ಬಿಟ್ಟರೆ ನಾಲಿಗೆ ಲೊಚಗುಟ್ಟಿ ಕರೆಯುವುದು ರೂಢಿ. ಕೈಯಲ್ಲಿ ಕಡ್ಡಿ, ಮುಂದೆ ದಾರಿ ಬಿಟ್ಟು ಹೊರಟ ಪ್ರಾಣಿ ಅಂದಮೇಲೆ ನಾಲಿಗೆ ನನ್ನ ಅಪ್ಪಣೆ ಕೇಳುತ್ತಿರಲಿಲ್ಲ. ಇದನ್ನೆಲ್ಲ ಬಿಡಿಸಿ ಹೇಳಿದೆ. ಚೀಫ್ ಬಹಳ ತಾಳ್ಮೆಯಿಂದ, ಮಗುವಿಗೆ ಹೇಳುವ ಹಾಗೆ, ಕ್ಷಿಪಣಿಗೆ ಕಿವಿ ಇರುವುದಿಲ್ಲಪ್ಪಾ ಅಂದ.

"ನಮ್ಮ ಎತ್ತಿಗೆ ಎರಡೂ ಕಿವಿ ಇದ್ದುವರಿ," ಅಂದೆ. "ಅದೂ ಕೇಳತಿರಲಿಲ್ಲ."

ಸರಕಾರಿ ವಿಭೂತಿ

ರಜೆಗೆ ಊರಿಗೆ ಬಂದಾಗ ಅವ್ವನಿಗೆ ಇಷ್ಟೇ ಹೇಳಿದ್ದೆ: ಹಡಗಿನ ಮೇಲೆ ಒಂದು ಯಂತ್ರ ಇದೆ, ಅದರ ಕೂಡ ನನ್ನ ಕೆಲಸ. ಹೆಚ್ಚು ಹೇಳುವ ಹಾಗಿಲ್ಲ, ಗುಟ್ಟು. ಅವ್ವ ಹೆಚ್ಚು ಕೇಳಲೂ ಇಲ್ಲ. ಹೊರಡುವ ದಿನ ಒಂದು ವಿಭೂತಿ ಗಟ್ಟಿ ತಂದು ಕೈಯಲ್ಲಿಟ್ಟಳು.

"ನೀ ಒಬ್ಬನ ಹಚ್ಚಗೋಬ್ಯಾಡ. ಅದಕ್ಕೂ ಹಚ್ಚು. ನಿನ್ನ ಕೂಡ ದುಡಿತೈತಿ ಅಂದಮ್ಯಾಲ ಅದೂ ಮನಿ ಮಂದೀನ."

ನಮ್ಮಲ್ಲಿ ಅಮಾವಾಸ್ಯೆಗೆ ನೇಗಿಲು, ಕೂರಿಗೆ, ಚಕ್ಕಡಿ, ಎಲ್ಲದಕ್ಕೂ ಮೂರು ಬೆರಳು ವಿಭೂತಿ ಬೀಳುತ್ತದೆ. ಹಾಗಾಗಿ ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಲಾಂಚರ್ ಒರೆಸುವ ಪಾಳಿ ನನ್ನದಿದ್ದಾಗ, ವಿಭೂತಿ ನೀರಲ್ಲಿ ತೇಯ್ದು, ನನ್ನ ಹಣೆಗೆ ಹಚ್ಚಿಕೊಂಡು, ನಾಲ್ಕೂ ತೋಳಿಗೆ ಮೂರು ಮೂರು ಗೆರೆ ಎಳೆದೆ. ಸಂಜೆಗೆ ಅಳಿಸಿದರಾಯಿತು ಅಂತ ಇದ್ದೆ. ಆದರೆ ಅಂದೇ ಹೇಳದೆ ಕೇಳದೆ, ನಮ್ಮ ಕ್ಯಾಪ್ಟನ್‌ಗೂ ಮೇಲಿನ ದೊಡ್ಡ ಸಾಹೇಬರು ದಂಡೆಯ ಕಚೇರಿಯಿಂದ ತಪಾಸಣೆಗೆ ಬಂದರು.

ಸಾಹೇಬರು ಲಾಂಚರಿನ ಮುಂದೆ ನಿಂತರು. ಬೂದು ಬಣ್ಣದ ಕಬ್ಬಿಣದ ಮೇಲೆ ಬಿಳಿಯ ಮೂರು ಗೆರೆ ಎದ್ದು ಕಾಣುತ್ತಿದ್ದವು. ಇವು ಏನು ಅಂತ ಕೇಳಿದರು. ಕುರ್ಚಿಯ ಆಸೆ ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಚೀಫ್ ಒಮ್ಮೆ ಗೆರೆ ನೋಡಿದ, ಒಮ್ಮೆ ನನ್ನ ಹಣೆ ನೋಡಿದ, ಎಲ್ಲ ತಿಳಿಯಿತು. ಕಣ್ಣು ಮಿಟುಕಿಸದೆ ಹೇಳಿದ: "ಹೊಂದಿಕೆಯ ಗುರುತು, ಸರ್. ಕ್ಷಿಪಣಿ ಏರಿಸುವಾಗ ಸಾಲು ಹಿಡಿಯಲಿಕ್ಕೆ."

ಸಾಹೇಬರು ಬಗ್ಗಿ ನೋಡಿದರು, ಪ್ರತಿ ತೋಳನ್ನೂ ನೋಡಿದರು. ಗೆರೆಗಳ ನಡುವಿನ ಅಂತರ ಎಲ್ಲ ಕಡೆ ಒಂದೇ ಸಮ. ಇರಲೇಬೇಕು, ಬೆರಳು ಅವೇ ತಾನೆ. ಅವರಿಗೆ ಬಹಳ ಸಂತೋಷವಾಯಿತು. ಇಂಥ ಉಪಯೋಗದ ಗುರುತನ್ನು ಸುಣ್ಣದಲ್ಲಿ ಯಾಕೆ ಬರೆದಿದ್ದೀರಿ, ಅಳಿಸಿ ಹೋಗುವುದಿಲ್ಲವೇ, ಖಾಯಂ ಬಣ್ಣದಲ್ಲಿ ಬರೆಸಿ ಅಂತ ಹೇಳಿ ಹೋದರು. ಮರುದಿನ ಬಣ್ಣದವನು ಡಬ್ಬಿ ಹಿಡಿದು ಬಂದು ಅಳತೆ ಕೇಳಿದ. ಚೀಫ್ ನನ್ನ ಕೈ ಹಿಡಿದೆಳೆದು ಅವನ ಮುಂದೆ ಮೂರು ಬೆರಳು ಚಾಚಿಸಿದ.

ಮುಂದಿನ ರಜೆಯಲ್ಲಿ ಅವ್ವ ಕೇಳಿದಳು, ಹಚ್ಚಿದಿಯೋ ಇಲ್ಲೋ ಅಂತ.

"ಹಚ್ಚಿನವ್ವಾ. ಈಗ ನಾ ಹಚ್ಚೂದು ಬ್ಯಾಡ, ಸರಕಾರದವರ ಹಚ್ಚತಾರ."

ಗಡಿಗೆ ಹೊಡೆದ ಗುರಿಕಾರ

ಅದೇ ರಜೆಯಲ್ಲಿ ಕುಬಿಹಾಳಕ್ಕೆ ಕನ್ಯೆ ನೋಡಲು ಹೋದೆವು. ಜೋಳ ಹಾಲುತೆನೆಯಾಗಿದ್ದ ಕಾಲ. ಹಕ್ಕಿ ಕಾಯಲು ಹೊಲದ ನಡುವೆ ಗೂಟ ನೆಟ್ಟು ಅಟ್ಟ ಕಟ್ಟಿರುತ್ತಾರೆ. ಹುಡುಗಿಯನ್ನು ಆ ಅಟ್ಟದಿಂದ ಇಳಿಸಿ, ಸೀರೆ ಉಡಿಸಿ, ನಮ್ಮ ಮುಂದೆ ಚಹಾ ಹಿಡಿದು ನಿಲ್ಲಿಸಿದ್ದರು. ಅವಳ ಕಿವಿ ಮಾತ್ರ ಹೊಲದ ಕಡೆಗೇ ಇತ್ತು. ನನಗೆ ಅಷ್ಟಕ್ಕೇ ಮನಸ್ಸು ಬಂದುಬಿಟ್ಟಿತು. ಕೆಲಸದಲ್ಲಿ ಧ್ಯಾನ ಇರುವ ಹುಡುಗಿ, ಇವಳನ್ನೇ ಮಾಡಿಕೊಳ್ಳುವುದು ಅಂತ ಆ ಕ್ಷಣವೇ ಗಟ್ಟಿ ಮಾಡಿದೆ.

ತೊಡಕು ಅವಳ ಅಪ್ಪನದು. ಅವರನ್ನು ನಾನು ಕಾಕಾ ಅಂತಲೇ ಕರೆದೆ. ಕಾಕಾ ಹೂಂ ಅನ್ನುವ ಮುಂಚೆ ಎತ್ತಿನ ಹಲ್ಲು ಎಣಿಸುವ ಜಾತಿಯ ಮನುಷ್ಯ. ಏನು ಕೆಲಸ ಅಂತ ಕೇಳಿದರು. ಹಡಗಿನ ಮೇಲೆ ಅಂದೆ. ಹಡಗಿನ ಮೇಲೆ ಏನು ಅಂದರು. ಗುಟ್ಟು ಅಂದೆ. ಗುಟ್ಟು ಅಂದವನು ಅಡಿಗೆಯವನೇ ಇರಬೇಕು ಅಂತ ಮೂಲೆಯಲ್ಲಿ ಯಾರೋ ಪಿಸುಗುಟ್ಟಿದರು. ಸಿಟ್ಟು ಬಂದು, ಮೈಮೇಲೆ ಬಂದ ವಿಮಾನ ತಡೆಯುವುದು ಅಂತ ಅಷ್ಟು ಮಾತ್ರ ಬಾಯಿ ಬಿಟ್ಟೆ.

"ಎಷ್ಟ ಹೊಡದಿ ಇಲ್ಲಿತನಕ?"

ಒಂದೂ ಇಲ್ಲ ಅಂದೆ. ಖರೆ ಕ್ಷಿಪಣಿ ಹಾರಿಸುವ ಅವಕಾಶ ಎಲ್ಲೋ ವರ್ಷಕ್ಕೊಮ್ಮೆ, ಅದೂ ಹಿರಿಯರ ಪಾಲಿಗೆ ಅಂತ ವಿವರಿಸಿದೆ. ಕಾಕಾ ತಲೆಯಾಡಿಸಿದರು. ಒಂದೂ ಹೊಡೆಯದವನಿಗೆ ಸರಕಾರ ಅನ್ನ ಹಾಕಬಹುದು, ನಾನು ಮಗಳನ್ನು ಕೊಡಲಾರೆ ಅಂದರು. ಹೊಡೆದು ಬಾ, ಆಮೇಲೆ ಮಾತು.

ಅಲ್ಲಿಗೂ ಬಿಡದೆ ನನ್ನ ಗುರಿ ನೋಡಬೇಕು ಅಂತ ಹೊಲಕ್ಕೆ ಕರೆದುಕೊಂಡು ಹೋದರು. ಹುಡುಗಿ ಅಷ್ಟರಲ್ಲಿ ಸೀರೆ ಎತ್ತಿ ಕಟ್ಟಿ ಅಟ್ಟ ಏರಿ ಕೂತಾಗಿತ್ತು. ಕಾಕಾ ನನ್ನ ಕೈಗೆ ಕವಣಿ ಕೊಟ್ಟರು. ಎರೆಹೊಲದಲ್ಲಿ ಕಲ್ಲೆಲ್ಲಿ ಸಿಗಬೇಕು, ಒಣಗಿದ ಮಣ್ಣಿನ ಹೆಂಟೆಯೇ ಗುಂಡು. ನಾನು ಹೆಂಟೆ ಇಟ್ಟು, ತಲೆಯ ಸುತ್ತ ಗರಗರ ತಿರುವಿ ಬಿಟ್ಟೆ. ಅದು ಮುಂದೆ ಹೋಗುವ ಬದಲು ಹಿಂದೆ ಹೋಗಿ, ಅಟ್ಟದ ಗೂಟಕ್ಕೆ ತೂಗುಹಾಕಿದ್ದ ಮಜ್ಜಿಗೆ ಗಡಿಗೆಗೆ ಬಡಿಯಿತು. ಮಜ್ಜಿಗೆಯೆಲ್ಲ ಕೆಳಗೆ ನಿಂತಿದ್ದ ಕಾಕಾ ಅವರ ತಲೆಯ ಪಟಗದ ಮೇಲೆ ಇಳಿಯಿತು. ಆ ಸದ್ದಿಗೆ ಹೊಲದಲ್ಲಿದ್ದ ಹಕ್ಕಿ ಅಷ್ಟೂ ಒಮ್ಮೆಲೇ ಎದ್ದು ಹಾರಿದವು.

ಮೇಲಿನಿಂದ ಹುಡುಗಿಯ ದನಿ ಬಂತು.

"ಹಕ್ಕಿ ಎದ್ದಾವಲ್ಲಪಾ."

ಕಾಕಾ ಮೀಸೆಯಿಂದ ಮಜ್ಜಿಗೆ ಒರೆಸಿಕೊಂಡರು. "ಎದ್ದಾವು. ದಿನಾ ಒಂದ ಗಡಗಿ ಎಲ್ಲಿಂದ ತರೂಣು?"

ನಾನು ಮುಖ ಇಳಿಸಿಕೊಂಡು ಹೊರಟೆ. ಬದುವಿನ ಹತ್ತಿರ ಹುಡುಗಿ ಸರಸರ ಇಳಿದು ಬಂದು, ನನ್ನ ಕಡೆ ನೋಡದೆ, ತೆನೆ ಕಡೆ ನೋಡುತ್ತ ಹೇಳಿದಳು: "ಹೊಡದು ಬರ್ರಿ. ಅಲ್ಲಿತನಕ ಬ್ಯಾರೆದವರು ನೋಡಾಕ ಬಂದ್ರ ನಾ ಚಾ ಮಾಡೂದಿಲ್ಲ."

ಕೆಟ್ಟ ಹೆಡ್‌ಫೋನ್ ಬೇಕಾಗಿದೆ

ಈ ಮಾತು ಕೇಳಿ ಹೋದವನು ಸುಮ್ಮನೆ ಕೂರುತ್ತಾನೆಯೇ. ಬಿಡುವು ಸಿಕ್ಕಾಗಲೆಲ್ಲ ಕತ್ತಲೆ ಕೋಣೆಯಲ್ಲಿ ಚುಕ್ಕಿಯ ಹಿಂದೆ ಬಿದ್ದೆ. ಉಳಿದವರು ಸಿನಿಮಾಕ್ಕೆ ಹೋದರೆ ನಾನು ಚುಕ್ಕಿ ನೋಡುತ್ತಿದ್ದೆ. ಹೆಬ್ಬೆರಳಿಗೆ ಗುಳ್ಳೆ ಬಂದು ಒಡೆದು ಗಟ್ಟಿಯಾಯಿತು. ಕಡೆಗೆ ಚೀಫ್ ಬಂದು, ಈ ವರ್ಷದ ಕುರ್ಚಿ ನಿನ್ನದು ಅಂದ. ಒಂದೇ ಷರತ್ತು, ಬಾಯಿ ಮುಚ್ಚಿಕೊಂಡಿರಬೇಕು. ಕ್ಯಾಪ್ಟನ್ ಸಾಹೇಬರ ಕಿವಿಗೂ ಹೆಡ್‌ಫೋನ್ ಇರುತ್ತದೆ.

ಆ ದಿನ ನಾಲಿಗೆಯ ಮೇಲೆ ನಂಬಿಕೆ ಸಾಲದೆ ಒಂದು ಅಡಿಕೆ ಹೋಳು ಇಟ್ಟು ಹಲ್ಲು ಕಚ್ಚಿ ಕೂತೆ. ವಿಮಾನವೊಂದು ಉದ್ದನೆಯ ಹಗ್ಗಕ್ಕೆ ಬಟ್ಟೆಯ ಚೀಲ ಕಟ್ಟಿ ಎಳೆದುಕೊಂಡು ಬಂತು. ಆ ಚೀಲವೇ ನಮ್ಮ ಗುರಿ. ಗುಂಡಿ ಒತ್ತಿದೆ. ಕ್ಷಿಪಣಿ ಹೊಗೆ ಬಿಟ್ಟು ಎದ್ದು, ಸ್ವಲ್ಪ ದೂರ ನೆಟ್ಟಗೆ ಹೋಗಿ, ಬಲಕ್ಕೆ ತಿರುಗಿತು. ಕಡ್ಡಿ ಒತ್ತಿದೆ, ಒತ್ತಿದ್ದು ಹೆಚ್ಚಾಯಿತು. ಎಳೆದೆ, ಎಳೆದದ್ದು ಕಡಿಮೆಯಾಯಿತು. ನಾಲಿಗೆ ಕಟ್ಟಿದ್ದರೆ ನನ್ನ ಬೆರಳಿಗೂ ಲಯ ಸಿಗುವುದಿಲ್ಲ ಅಂತ ಆಗ ಗೊತ್ತಾಯಿತು. ಕ್ಷಿಪಣಿ ಸಮುದ್ರಕ್ಕೆ ಬಿತ್ತು. ನನಗೆ ಕಂಡದ್ದು ಸಮುದ್ರವಲ್ಲ, ಕುಬಿಹಾಳದ ಮನೆಯಲ್ಲಿ ಬೇರೆಯವರಿಗಾಗಿ ಕುದಿಯುತ್ತಿರುವ ಚಹಾ.

ಇನ್ನೊಂದು ಹಾರಿಸಲು ಕ್ಯಾಪ್ಟನ್ ಅಪ್ಪಣೆ ಕೊಟ್ಟರು, ಆ ದಿನಕ್ಕೆ ಅದೇ ಕೊನೆಯದು. ವಿಮಾನ ಸುತ್ತು ಹಾಕಿ ಮತ್ತೆ ಬರುತ್ತಿತ್ತು. ಚೀಫ್ ನನ್ನ ಕಿವಿಯ ಹತ್ತಿರ ಬಗ್ಗಿದ. ಅವನ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

"ಅಡಿಕೆ ಉಗುಳು. ಎತ್ತು ಕರಿ."

ಉಗುಳಿದೆ. ಗುಂಡಿ ಒತ್ತಿದೆ. ಕ್ಷಿಪಣಿ ಎಡಕ್ಕೆ ಸರಿಯಿತು, ಲೊಚಗುಟ್ಟಿ ಕರೆದೆ, ಬಂತು. ಮೇಲೆ ಎದ್ದಿತು, ಕರೆದೆ, ಇಳಿಯಿತು. ಬಾ ನನ್ನಪ್ಪಾ, ಸಾಲು ಬಿಡಬ್ಯಾಡ ಅಂತ ಬಾಯಲ್ಲೂ ಬಂತಂತೆ, ನನಗೆ ನೆನಪಿಲ್ಲ. ಬಾಲದ ಬೆಳಕು ಚೀಲದ ಮೇಲೆ ಕೂತಿತು. ಆಮೇಲೆ ಚೀಲ ಇರಲಿಲ್ಲ, ಒಂದು ಹೊಗೆಯ ಉಂಡೆ ಇತ್ತು. ಹಡಗಿಗೆ ಹಡಗೇ ಕೂಗಿತು. ನನ್ನ ಕಣ್ಣಲ್ಲಿ ನೀರು ಬಂದು ದುರ್ಬೀನು ಮಬ್ಬಾಯಿತು.

ಕ್ಯಾಪ್ಟನ್ ಶಹಬ್ಬಾಸ್ ಹೇಳಿದರು. ಹೇಳಿ, ಹೆಡ್‌ಫೋನಿನಲ್ಲಿ ಏನೋ ಟಕ್ಕು ಟಕ್ಕು ಅಂತಿತ್ತು, ರಿಪೇರಿ ಮಾಡಿಸಿ ಅಂದರು.

"ರಿಪೇರಿ ಮಾಡಿಸಿದ್ದೆವು, ಸರ್," ಅಂದ ಚೀಫ್. "ಅದಕ್ಕೇ ಮೊದಲನೆಯದು ತಪ್ಪಿದ್ದು."

ಚೀಲಕ್ಕೆ ಗೊತ್ತಿತ್ತೇನು

ಎದೆ ಉಬ್ಬಿಸಿಕೊಂಡು ಕುಬಿಹಾಳಕ್ಕೆ ಹೋದೆ. ಹೊಡೆದೆ ಅಂದೆ. ಕಾಕಾ ಜಮಖಾನೆ ಹಾಸಿಸಿದರು, ಕೂತರು, ವಿಮಾನ ಎಲ್ಲಿ ಬಿತ್ತು ಅಂತ ಕೇಳಿದರು. ವಿಮಾನ ಬೀಳಲಿಲ್ಲ, ಅದರ ಹಿಂದೆ ಕಟ್ಟಿದ್ದ ಚೀಲ ಬಿತ್ತು ಅಂತ ತಿಳಿಸಿ ಹೇಳಿದೆ. ಕಾಕಾ ಬೆರಳು ಮಡಿಚಿ ಲೆಕ್ಕ ಹಾಕಿದರು.

"ಅಂದ್ರ ವಿಮಾನ ನಮ್ಮದು."

"ಹೌದ್ರಿ."

"ಚೀಲಾನೂ ನಮ್ಮದು."

"ಹೌದ್ರಿ."

"ಹೊಡದವರೂ ನಾವ. ಚೀಲಕ್ಕರೆ ಗೊತ್ತಿತ್ತೇನು, ನೀವು ಅದರ ವೈರಿ ಅಂತ?"

ಖರೆ ವೈರಿ ಬರಲಿ, ಹೊಡಿ, ಆವಾಗ ನೋಡೋಣ ಅಂದುಬಿಟ್ಟರು. ಈಗ ನನ್ನ ಮದುವೆಗೆ ಹೆಣ್ಣು, ಮುಹೂರ್ತ, ಬಾಜಾ ಸಾಲದೆ ಒಂದು ಯುದ್ಧವೂ ಬೇಕಾಯಿತು.

ಬಾಗಿಲ ಮರೆಯಲ್ಲಿದ್ದ ಹುಡುಗಿ ಹೊರಗೆ ಬಂದಳು. ಕೈಯಲ್ಲಿ ಚಹಾ ಇತ್ತು. ನನ್ನ ಮುಂದೆ ಇಟ್ಟು ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ನೀ ಹುಟ್ಟಿದಾಗಿಂದ ಅಟ್ಟದಾಗ ಕುಂತಿ. ಎಷ್ಟ ಹಕ್ಕಿ ಕೊಂದಿ?"

"ಹಕ್ಕಿ ಯಾಕ ಕೊಲ್ಲೂಣು? ತೆನಿ ಬಿಟ್ಟು ಎದ್ದು ಹೋದ್ರ ಸಾಕು."

"ತೆನಿ ಉಳದಾವೋ ಇಲ್ಲೋ?"

"ಉಳದಾವು."

"ಇವರ ಹಡಗೂ ಉಳದೈತಿ. ಅಟ್ಟದಾಗ ಕುಂತಾವ ಎಚ್ಚರ ಇದ್ರ ಆತು, ಎಷ್ಟ ಹೊಡದಿ ಅಂತ ನಿನ್ನ ಯಾರರೆ ಕೇಳ್ಯಾರೇನು?"

ನೌಕರಿ ಸೇರಿದಾಗಿನಿಂದ ನನ್ನ ಕೆಲಸವನ್ನು ಯಾರೂ, ತರಬೇತಿ ಕೊಟ್ಟವರೂ, ಇಷ್ಟು ಚೆಂದ ಬಿಡಿಸಿ ಹೇಳಿರಲಿಲ್ಲ. ಹೆಮ್ಮೆಯಿಂದ ಚಹಾ ಎತ್ತಿ ಕುಡಿದೆ. ಕಾಕಾ ಮಗಳನ್ನೂ ನನ್ನನ್ನೂ ನೋಡಿ, ಪಟಗ ಬಿಚ್ಚಿ ಕಟ್ಟಿಕೊಂಡು, ಸೋಲೊಪ್ಪುವ ಬದಲು ಇನ್ನೊಂದು ಷರತ್ತು ಹಾಕಿದರು.

"ಆತು. ನಿನ್ನ ಅಟ್ಟ ತೋರಸು. ಮಜ್ಜಿಗಿ ಗಡಗಿ ಹತ್ತರ ಇಲ್ಲದ್ದು ಖಾತ್ರಿ ಮಾಡ್ಕೊಂಡು ಹೇಳತೀನಿ."

ಮೂರು ಗೆರೆ

ವರ್ಷದಲ್ಲಿ ಒಂದು ದಿನ ಜನರಿಗೆ ಹಡಗು ತೋರಿಸುವ ಪದ್ಧತಿ ಇತ್ತು. ಆ ಸಲ ನಮ್ಮ ಹಡಗು ಗೋವಾದ ಬಂದರಿನಲ್ಲಿತ್ತು. ಹುಬ್ಬಳ್ಳಿಯಿಂದ ರೈಲು ಹಿಡಿದು ಕಾಕಾ ಬಂದರು, ಹುಡುಗಿ ಬಂದಳು, ಇಬ್ಬರ ಜೊತೆ ರೊಟ್ಟಿ ಗಂಟು ಹೊತ್ತು ನಮ್ಮ ಅವ್ವನೂ ಬಂದಳು. ಮೂವರೂ ಚಪ್ಪಲಿ ಬಂದರಿನಲ್ಲೇ ಬಿಟ್ಟು ಹಡಗು ಹತ್ತಿದರು.

ಹತ್ತಿದ ಕೂಡಲೇ ನನ್ನ ಮಾನ ಹೋಯಿತು. ನಾನು ಗುಟ್ಟು ಅಂತ ಇಷ್ಟು ದಿನ ಬಾಯಿ ಹೊಲಿದುಕೊಂಡಿದ್ದ ಲಾಂಚರಿನ ಬಗ್ಗೆ ಒಬ್ಬ ಮೈಕು ಹಿಡಿದು ಊರಿಗೆಲ್ಲ ಸಾರುತ್ತಿದ್ದ. ಶಾಲೆಯ ಮಕ್ಕಳು ಶೇಂಗಾ ತಿನ್ನುತ್ತ ಅದರ ಸುತ್ತ ನಿಂತಿದ್ದರು.

"ಗುಟ್ಟು ಅಂದಿದ್ದಿ," ಅಂದರು ಕಾಕಾ.

"ಇವತ್ತೊಂದ ದಿನ ಗುಟ್ಟಲ್ಲರಿ," ಅಂದೆ.

ಹುಡುಗಿ ನೆಟ್ಟಗೆ ಹೋಗಿ ನನ್ನ ಕುರ್ಚಿಯಲ್ಲಿ ಕೂತಳು. ಎತ್ತರ ಸಾಕು, ನಾಲ್ಕೂ ಕಡೆ ಕಾಣುತ್ತದೆ ಅಂತ ಒಪ್ಪಿಗೆ ಕೊಟ್ಟಳು. ಕಡ್ಡಿಯ ಮೇಲೆ ಹೆಬ್ಬೆರಳಿಟ್ಟು ತಾನಾಗಿಯೇ ನಾಲಿಗೆ ಲೊಚಗುಟ್ಟಿದಳು. ಪಕ್ಕದಲ್ಲಿದ್ದ ಚೀಫ್ ಬೆಚ್ಚಿಬಿದ್ದು ನನ್ನ ಮುಖ ನೋಡಿದ.

ಕಾಕಾ ಅಷ್ಟರಲ್ಲಿ ಲಾಂಚರಿನ ಸುತ್ತ ಬರುತ್ತಿದ್ದವರು ತಟ್ಟನೆ ನಿಂತರು. ತೋಳಿನ ಮೇಲೆ ಮೂರು ಬಿಳಿ ಗೆರೆ. ಎರಡೂ ಕೈ ಎತ್ತಿ ಮುಗಿದರು. ಹಡಗಿನ ಮೇಲೂ ಇಬತ್ತಿ ಬಿಟ್ಟಿಲ್ಲ ನೋಡ್ರಿ ಹುಡುಗ ಅಂತ ಅವ್ವನ ಕಡೆ ತಿರುಗಿ ಹೇಳಿ, ಪ್ರಸಾದವೆಂದು ಒಂದು ಬೆರಳು ಒರೆಸಿದರು. ಏನೂ ಬರಲಿಲ್ಲ. ಉಗುರಿನಿಂದ ಕೆರೆದರು. ಅವರ ಮುಖ ಸಣ್ಣಗಾಯಿತು.

"ಇದು ಬಣ್ಣ."

ಅವ್ವ ನನ್ನನ್ನು ನೋಡಿದ ನೋಟ ನಾನು ಸಾಯುವವರೆಗೆ ಮರೆಯುವುದಿಲ್ಲ. ಸರಕಾರದವರು ಹಚ್ಚುತ್ತಾರೆ ಅಂತ ಹೇಳಿದ್ದೆನಲ್ಲ. ಸೆರಗಿನ ಗಂಟಿನಿಂದ ವಿಭೂತಿ ಗಟ್ಟಿ ತೆಗೆದು ಕಾಕಾ ಅವರ ಕೈಗೆ ಕೊಟ್ಟಳು. ಕಾಕಾ ತಂಬಿಗೆಯ ನೀರಿನಲ್ಲಿ ತೇಯ್ದು, ನಾಲ್ಕೂ ತೋಳಿನ ಬಣ್ಣದ ಗೆರೆಗಳ ಮೇಲೆ ಖರೆ ವಿಭೂತಿಯ ಗೆರೆ ಎಳೆದರು. ಹೊರಗಿನವರು ಅದನ್ನು ಮುಟ್ಟಬಾರದು ಅನ್ನುವುದು ನಿಯಮ. ಚೀಫ್ ಜನರಿಗೆ ಕಾಣದ ಹಾಗೆ ಅಡ್ಡ ನಿಂತುಕೊಂಡ.

ಎಲ್ಲ ಮುಗಿದರೂ ಕಾಕಾ ಅವರ ಬೆರಳಿನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ನನ್ನ ಮುಂದೆ ಬಂದು, ಟೋಪಿ ಹಿಂದೆ ಸರಿಸಿ, ನನ್ನ ಹಣೆಯ ಮೇಲೆ ಮೂರು ಬೆರಳು ಎಳೆದರು.

"ಅಟ್ಟ ಗಟ್ಟಿ ಐತಿ. ಮದುವಿ ದಿನಾ ತಗಸ್ರಿ, ಬೀಗತೇರ."

ಅವ್ವನನ್ನು ಅವರು ಹಾಗೆ ಕರೆದದ್ದು ಅದೇ ಮೊದಲು. ಹುಡುಗಿ ಕುರ್ಚಿ ಬಿಟ್ಟು ಇಳಿಯಲಿಲ್ಲ, ಮುಖ ಮಾತ್ರ ದುರ್ಬೀನಿನಲ್ಲಿ ಮುಚ್ಚಿಕೊಂಡಳು. ನನಗೆ ಚೀಲ ಹೊಡೆದ ದಿನವೂ ಅಷ್ಟು ಸಂತೋಷ ಆಗಿರಲಿಲ್ಲ.

ಆ ಹೊತ್ತಿಗೇ, ಅಂದು ತಪಾಸಣೆಗೆ ಬಂದಿದ್ದ ಅದೇ ದೊಡ್ಡ ಸಾಹೇಬರು ಬಂದರು. ಲಾಂಚರಿನ ಮುಂದೆ ನಿಂತು, ಗೆರೆ ಬಹಳ ಹೊಳೆಯುತ್ತಿವೆ, ಯಾರು ಬರೆದದ್ದು ಅಂದರು. ಚೀಫ್ ಕಾಕಾ ಅವರನ್ನು ತೋರಿಸಿ, ಇವರು ಸರ್, ಇದಕ್ಕಾಗಿಯೇ ಕುಬಿಹಾಳದಿಂದ ಬಂದಿದ್ದಾರೆ ಅಂದ. ಸಾಹೇಬರು ಕಾಕಾ ಅವರ ಕೈ ಕುಲುಕಿದರು. ಕೈಗೆ ಹತ್ತಿದ ವಿಭೂತಿಯನ್ನು ಕರವಸ್ತ್ರದಿಂದ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದರು. ನನ್ನ ಹಣೆ ನೋಡಿದರು, ಲಾಂಚರ್ ನೋಡಿದರು, ಮತ್ತೆ ಹಣೆ ನೋಡಿದರು.

"ಇವನಿಗೂ ಅದೇ ಗುರುತು ಯಾಕೆ?"

"ಇವನೇ ಇದನ್ನು ನಡೆಸುವವನು, ಸರ್," ಅಂದ ಚೀಫ್. "ಎರಡೂ ಹೊಂದಬೇಕಲ್ಲ."

ಸಾಹೇಬರು ಸಾಲಾಗಿ ನಿಂತಿದ್ದ ನಮ್ಮ ತಂಡದ ಉಳಿದವರ ಕಡೆ ಕೈ ಮಾಡಿ, ಚೀಫ್‌ನನ್ನು ಗದರಿದರು.

"ಹಾಗಾದರೆ ಇವರಿಗೆಲ್ಲ ಇನ್ನೂ ಯಾಕೆ ಹಾಕಿಸಿಲ್ಲ?"